ಚಿಂದಿರಾಣಿಯ ಅಳತೆ

೧೨ ಜೂನ್ ೧೯೮೬

ನನ್ನ ಮನೆಯ ಯಜಮಾನಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಎಲ್ಲರೂ ಮೊದಲಿಗೆ ಹೀಗೇ ಬರೆಯುತ್ತಾರೆ, ನಾನೂ ಬರೆದೆ. ಬೇಸಿಗೆಯಿಡೀ ಪತ್ರವಿಲ್ಲವೆಂದು ನೀನು ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ಕಾರ್ಖಾನೆಯಲ್ಲಿ ಕೆಲಸ ಬದಲಾಯಿತು, ಆ ಗಡಿಬಿಡಿಯಲ್ಲಿ ತಡವಾಯಿತು. ಬಟ್ಟೆ ಕತ್ತರಿಸುವ ಮೇಜಿನಿಂದ ನನ್ನನ್ನು ಚಿಂದಿ ಕೋಣೆಗೆ ಹಾಕಿದ್ದಾರೆ. ಮೂಗು ಮುರಿಯಬೇಡ, ಇದೂ ಒಂದು ಥರದ ಬಡ್ತಿಯೇ. ಅಲ್ಲಿ ನಾನು ಹತ್ತರ ಜೊತೆ ಹನ್ನೊಂದನೆಯವನು, ಇಲ್ಲಿ ಇಡೀ ಕೋಣೆಗೆ ನಾನೊಬ್ಬನೇ ರಾಜ.

ಮೇಲಿನ ಮಹಡಿಯಲ್ಲಿ ಅಂಗಿ ಕತ್ತರಿಸಿ ಉಳಿದದ್ದೆಲ್ಲ ತಗಡಿನ ಜಾರುಬಂಡಿಯಲ್ಲಿ ಇಳಿದು ನನ್ನ ಮುಂದೆ ಬೀಳುತ್ತದೆ. ಬಣ್ಣ ನೋಡಿ, ನೂಲು ನೋಡಿ ಬೇರೆ ಮಾಡಿ ಮೂಟೆ ಕಟ್ಟುವುದು ನನ್ನ ಕೆಲಸ. ಈಗ ಯಾವ ಚೂರು ಕೊಟ್ಟರೂ ಇದು ಕಂಕುಳ ತಿರುವಿನದು, ಇದು ಕೊರಳಿನದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈ ವಿದ್ಯೆಯನ್ನು ಯಾರು ಕೊಂಡುಕೊಳ್ಳುತ್ತಾರೋ ಗೊತ್ತಿಲ್ಲ.

ಅಂಗೈಗಿಂತ ಚಿಕ್ಕ ಚೂರುಗಳನ್ನು ನಾವು ಮನೆಗೆ ಒಯ್ಯಬಹುದು. ಅವನ್ನು ಕೂಡಿಸಿ ನಮ್ಮ ಚಿಂದಿರಾಣಿಗೆ ಒಂದು ಫ್ರಾಕು ಹೊಲಿಯಬೇಕೆಂದು ಆಸೆ. ನಾನಿರುವ ಕೋಣೆಯ ಕೆಳಗಿನ ಅಂಗಡಿಯವನು ಸಂಜೆ ಹೊತ್ತು ಹಳೆಯ ಮಿಷನ್ನು ಬಿಟ್ಟುಕೊಡುತ್ತಾನೆ. ಮಗಳ ಅಳತೆ ತೆಗೆದು ಕಾಗದ ಕತ್ತರಿಸಿ ಕಳಿಸು. ಒಂದು ಪಕ್ಕದ ಅರ್ಧ ಕಾಗದ ಸಾಕು, ಎಂದಿನ ಹಾಗೆ ಬಟ್ಟೆ ಮಡಿಸಿ ಅದರ ಮೇಲಿಟ್ಟು ಕತ್ತರಿಸಿದರೆ ಎರಡೂ ಪಕ್ಕ ಬರುತ್ತದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ಮೂಟೆಯ ಮೇಲೆ ಕೂತು ಬರೆದರೆ ಇಷ್ಟೇ.

ನಿನ್ನವನು

೩೦ ಜೂನ್ ೧೯೮೬

ಚಿಂದಿ ಕೋಣೆಯ ಮಹಾರಾಜರಿಗೆ,

ಬಡ್ತಿಯ ಸುದ್ದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೀಮೆಸುಣ್ಣದ ಗೆರೆಯಿಲ್ಲದೆ ಅಂಗಿ ಕತ್ತರಿಸುವವರನ್ನು ಚಿಂದಿ ಆರಿಸಲು ಕೂರಿಸಿದರೆ ಆ ಕಾರ್ಖಾನೆ ಉದ್ಧಾರವಾದ ಹಾಗೆಯೇ. ಇರಲಿ, ದೊಡ್ಡವರ ತಲೆಯಲ್ಲಿ ಏನಿದೆಯೋ. ನೀವು ನಗುತ್ತಿದ್ದರೆ ನನಗೂ ಸಮಾಧಾನ.

ಇಲ್ಲಿಯೂ ಚಿಂದಿಯದೇ ರಾಜ್ಯ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ದೊಡ್ಡ ಚೂರು ಚೀಲಕ್ಕೆ, ಅಂಗೈಯಷ್ಟಿನದು ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ, ಅದಕ್ಕೂ ಚಿಕ್ಕದು ದಿಂಬಿನ ಹೊಟ್ಟೆಗೆ. ಕಾಗದದ ಚೂರು ಗುಂಡಿ ಕಟ್ಟಿಡಲು, ಅದಕ್ಕೂ ಬಾರದ್ದು ನಿಮಗೆ ಪತ್ರ ಬರೆಯಲು. ನೀವು ಹಿಡಿದಿರುವ ಈ ಹಾಳೆ ಯಾರದೋ ತೋಳು ಕತ್ತರಿಸಿ ಉಳಿದದ್ದು. ಕೆಳಗೆ ಹೋದಂತೆ ಬಾಲವಾಗುತ್ತದೆ. ಕೊನೆಯಲ್ಲಿ ಮಾತು ಕಡಿಮೆಯಾದರೆ ಪ್ರೀತಿ ಕಡಿಮೆಯಾಯಿತು ಎಂದುಕೊಳ್ಳಬೇಡಿ.

ಅರ್ಧ ಕಾಗದ ಇಟ್ಟಿದ್ದೇನೆ, ಬಲಗಡೆಯ ಅಳತೆ. ಹೆಸರನ್ನು ಎಂದಿನಂತೆ ಗೆರೆಯ ಮೇಲೆಯೇ ಬರೆದಿದ್ದೇನೆ, ಅರ್ಧ ಅಕ್ಷರ ಒಳಗೆ, ಅರ್ಧ ಹೊರಗೆ. ಉಳಿದ ಚೂರು ಯಾರದೆಂದು ನಾಳೆಯೂ ಗೊತ್ತಾಗಬೇಕಲ್ಲ. ಅಳತೆ ಕೊಡಲು ಅವಳು ನಿಂತರೆ ತಾನೆ! "ನೆಟ್ಟಗೆ ನಿಂತ್ಕೊಳ್ಳೇ" ಅಂದರೆ "ನಿಂತಿದೀನಲ್ಲಮ್ಮಾ" ಅನ್ನುತ್ತಾಳೆ. ಮಿಷನ್ನಿನ ಕೆಳಗೆ ಚಿಂದಿಯ ಗೋಣಿಯಲ್ಲಿ ಮಲಗಿ ಬೆಳೆದ ಮಗು, ಅಪ್ಪನ ಹಾಗೆ ಮಾತಿಗೊಂದು ಮಾತು.

ಬಾಲ ಬಂತು. ಊಟ ಸರಿಯಾಗಿ ಮಾಡಿ.

೧೮ ಸೆಪ್ಟೆಂಬರ್ ೧೯೮೬

ಯಜಮಾನಿಗೆ,

ಇದರ ಜೊತೆ ಫ್ರಾಕು ಬರುತ್ತಿದೆ. ನೀಲಿ ಚೂರುಗಳೇ ಹೆಚ್ಚು. ಈ ಮೂರು ತಿಂಗಳು ಇಲ್ಲಿ ನೀಲಿ ಅಂಗಿಯದೇ ಕೆಲಸ ನಡೆದಿತ್ತು. ಎದೆಯ ಮೇಲಿನ ಒಂದು ಕೆಂಪು ತುಂಡು ಮಾತ್ರ ಎಲ್ಲಿಂದ ಜಾರಿ ಬಂತೋ ತಿಳಿಯದು, ಅದನ್ನು ಅವಳಿಗೆಂದೇ ಎತ್ತಿಟ್ಟಿದ್ದೆ. ಕಳಿಸುವ ಮೊದಲು ಮೇಜಿನ ಮೇಲೆ ಹರಡಿ ಅಂಚನ್ನು ಸುತ್ತಲೂ ಟೇಪು ಹಿಡಿದು ನೋಡಿದ್ದೇನೆ. ಮಗಳು ಹಾಕಿಕೊಂಡು ಹೇಗೆ ಕಂಡಳು, ಮುಚ್ಚುಮರೆಯಿಲ್ಲದೆ ಬರೆ.

ನಿನ್ನವನು

೫ ಅಕ್ಟೋಬರ್ ೧೯೮೬

ನಿಮಗೆ,

ಫ್ರಾಕು ಬಂತು. ಚಿಂದಿರಾಣಿ ಅದನ್ನು ಹಾಕಿಕೊಂಡು ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಳು. ಪಕ್ಕದ ಮನೆಯ ಟೀಚರು "ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ಇವಳು "ನಮ್ಮಪ್ಪನ ರಾಜ್ಯದಿಂದ ಬಂತು" ಎಂದಳಂತೆ. ಇದು ಮುಚ್ಚುಮರೆಯಿಲ್ಲದ ಮಾತು.

ಇನ್ನೊಂದೂ ಮುಚ್ಚುಮರೆಯಿಲ್ಲದ ಮಾತು. ಆ ಹೊಲಿಗೆ ನಿಮ್ಮದಲ್ಲ. ಕುಡುಕ ಮನೆಗೆ ನಡೆದುಬಂದ ಹಾಗಿದೆ. ಕೊರಳಿನ ಸುತ್ತ ಮೂರು ಕಡೆ ಬಿಚ್ಚಿ ಮತ್ತೆ ಹೊಲಿದ ಗುರುತು. ಹಾಕಿಕೊಂಡರೆ ಬಲಗಡೆಯ ಅಂಚು ಮೇಲೇರಿ ನಿಲ್ಲುತ್ತದೆ. ಹದಿನಾಲ್ಕು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಮಿಷನ್ನು ತುಳಿದವಳು ನಾನು, ನಿಮ್ಮ ಕೈ ನನಗೆ ಗೊತ್ತಿಲ್ಲವೆ? ಯಾರವಳು? ಹೊಲಿಯಲು ಬಾರದವಳನ್ನೇ ಹುಡುಕಿಕೊಂಡಿರಲ್ಲ, ಅದಕ್ಕೆ ನನಗೆ ಹೆಚ್ಚು ಸಿಟ್ಟು.

ಅಂಚು ಬಿಚ್ಚಿ ಸರಿಮಾಡಿದ್ದೇನೆ. ಹೊಸ ಅರ್ಧ ಕಾಗದ ಇಟ್ಟಿದ್ದೇನೆ, ಚೂರು ಬೆಳೆದಿದ್ದಾಳೆ.

ಮಗಳ ತಾಯಿ

೨ ನವೆಂಬರ್ ೧೯೮೬

ಸಿಟ್ಟಿನ ಯಜಮಾನಿಗೆ,

ಹೆಂಗಸೂ ಇಲ್ಲ, ಗಿಂಗಸೂ ಇಲ್ಲ. ನನ್ನ ಮುಖಕ್ಕೆ ನೀನೊಬ್ಬಳು ಸಿಕ್ಕಿದ್ದೇ ಹೆಚ್ಚು. ಮಿಷನ್ನು ಮುದಿಯದು, ಹಲ್ಲು ಸವೆದಿದೆ, ಬಟ್ಟೆಯನ್ನು ಎಳೆದುಕೊಳ್ಳುವುದಿಲ್ಲ. ಬೆಳಕೂ ಸಾಲದು. ಕುಣಿಯಲಾರದವನು ನೆಲ ಡೊಂಕು ಅಂದ ಹಾಗಾಯಿತು ಎನ್ನುತ್ತೀಯ. ಅನ್ನು.

ಅಂಚು ಮೇಲೇರಿದ್ದು ನನ್ನದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಇನ್ನು ಮೇಲೆ ಹಾಗೆ ಕಂಡರೆ ನನ್ನನ್ನು ಕೇಳಬೇಡ, ನೀನೇ ಬಿಚ್ಚಿ ಸರಿಮಾಡಿಕೊ. ನನ್ನ ಹೊಲಿಗೆಯ ಡೊಂಕಿಗೆ ಮಗುವನ್ನು ನೆಟ್ಟಗೆ ನಿಲ್ಲು ಎಂದು ಬೈಯಬೇಡ, ಪಾಪ.

ಎರಡನೆಯ ಫ್ರಾಕು ಹಸಿರಿನದು, ಸದ್ಯದಲ್ಲೇ ಬರುತ್ತದೆ.

ನಿನ್ನವನು

೧೧ ಫೆಬ್ರವರಿ ೧೯೮೭

ನಿಮಗೆ,

ಹಸಿರು ಫ್ರಾಕೂ ಬಂತು. ಅದರ ಅಂಚು ಮೊದಲಿನದಕ್ಕಿಂತ ಹೆಚ್ಚು ಏರುತ್ತದೆ. ನಿಮ್ಮ ಮಾತಿನಂತೆ ಬೈಯಲಿಲ್ಲ, ಬಿಚ್ಚಿ ಸರಿಮಾಡಿದೆ. ಇಲ್ಲಿ ಸರಿಮಾಡುವುದು ನನಗೀಗ ಅಭ್ಯಾಸವಾಗಿದೆ. ಅವಳ ನೀಲಿ ಫ್ರಾಕನ್ನೂ ಮತ್ತೆ ಬಿಚ್ಚಬೇಕಾಯಿತು. ನಿಮ್ಮ ಮುದಿ ಮಿಷನ್ನು ಒಗೆದ ಮೇಲೂ ಬಟ್ಟೆಯನ್ನು ಎಳೆಯುತ್ತದೆಯೇನೋ.

ಮಗಳಿಗೆ ಆಟ ಕಡಿಮೆಯಾಗಿದೆ, ಸೂಜಿ ಹೆಚ್ಚಾಗಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ, ಬೀದಿಗೆ ಹೋಗು ಅಂದರೆ ಬೇಡ ಅನ್ನುತ್ತಾಳೆ. ಹಸಿರು ಫ್ರಾಕಿನ ಜೊತೆಗಿನ ಚೀಟಿಯಲ್ಲಿ ನೀವು ಅಲ್ಲಿನ ಚಳಿಯ ಬಗ್ಗೆ ಬರೆದದ್ದು ಅವಳಿಗೆ ನೆನಪಿದೆ. ಚಿಂದಿಯನ್ನು ಎರಡು ಪದರ ಮಾಡಿ ನಿಮಗೊಂದು ಜೊತೆ ಕೈಗವಸು ಹೊಲಿಯುತ್ತಾಳಂತೆ. "ಅಪ್ಪಂಗೆ ಕೈ ಇಟ್ಟು ಗೆರೆ ಎಳೆದು ಕಳಿಸೋಕೆ ಹೇಳಮ್ಮಾ, ಎರಡೂ ಕೈದು" ಎಂದಿದ್ದಾಳೆ. ಕಳಿಸಿ.

ಮಗಳ ತಾಯಿ

೬ ಮಾರ್ಚ್ ೧೯೮೭

ಯಜಮಾನಿಗೆ,

ಎಡಗೈಯ ಗೆರೆ ಇದರ ಜೊತೆ ಇದೆ. ಎರಡೂ ಕೈ ಯಾಕೆ, ಕಾಗದ ಮಗುಚಿ ಹಾಕಿದರೆ ಬಲಗೈ ಆಯಿತು. ದರ್ಜಿಯ ಮಗಳಿಗೆ ಇಷ್ಟು ಗೊತ್ತಿರಬೇಡವೆ ಎಂದು ನಾನು ನಕ್ಕೆನೆಂದು ಹೇಳು. ಮೆಟ್ಟಿಲಿನ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಬೆಳೆಯುವ ಮಕ್ಕಳು ಹಾಗೆಯೇ, ಎಲುಬು ಮುಂದೆ ಓಡುತ್ತದೆ, ಉಸಿರು ಹಿಂದೆ ಬರುತ್ತದೆ. ಮುಂದಿನ ಫ್ರಾಕಿಗೆ ಬಿಳಿ ಕೂಡಿಸುತ್ತಿದ್ದೇನೆ, ಹೊಸ ಕಾಗದ ಕಳಿಸು.

ನಿನ್ನವನು

೨೧ ಜೂನ್ ೧೯೮೭

ನಿಮಗೆ,

ತಡವಾಯಿತು. ಕೈಗವಸು ಕಳಿಸಿದ್ದೇನೆ. ಮಗಳೇ ಹೊಲಿದದ್ದು, ನಾನು ದಾರವನ್ನೂ ಪೋಣಿಸಿಕೊಟ್ಟಿಲ್ಲ. ನಿಮ್ಮ ಕೈಯ ಗೆರೆ ನಡುಗಿತ್ತು. ಯಾರೋ ನಿಮ್ಮ ಕೈ ಹಿಡಿದು ಎಳೆದ ಗೆರೆ. ಹೋದ ವರ್ಷವಾಗಿದ್ದರೆ ಜಗಳವಾಡುತ್ತಿದ್ದೆ. ಈಗ ಬೇಡ ಅನ್ನಿಸಿತು. ಯಾರಾದರೂ ಇರಲಿ, ನಿಮ್ಮನ್ನು ನೋಡಿಕೊಳ್ಳಲಿ.

ಫ್ರಾಕು ಸದ್ಯಕ್ಕೆ ಬೇಡ. ಅವಳು ಬೆಳೆಯುತ್ತಿದ್ದಾಳೆ, ಅಳತೆ ನಿಲ್ಲುವುದಿಲ್ಲ. ಬಿಳಿ ಚೂರುಗಳನ್ನು ಬೇರೆ ಯಾವುದಕ್ಕಾದರೂ ಬಳಸಿ. ಶಾಲೆಯ ಸಮವಸ್ತ್ರ ನಾನೇ ಕತ್ತರಿಸಿದೆ. ಇಲ್ಲಿ ಎಲ್ಲ ಇದ್ದ ಹಾಗೆ ಇದೆ.

ಮಗಳ ತಾಯಿ

೯ ಆಗಸ್ಟ್ ೧೯೮೭

ನನ್ನ ಯಜಮಾನಿಗೆ,

ಈ ಪತ್ರವನ್ನು ಹರಿದು ಹರಿದು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಹೋದ ಪತ್ರ ಒಂದು ತಿಂಗಳು ಜೇಬಿನಲ್ಲಿತ್ತು. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ತೆಗೆದು ಮತ್ತೊಮ್ಮೆ ಓದಿದೆ. ಓದಿ ಮುಗಿದ ಮೇಲೆ ಅಭ್ಯಾಸಬಲದಿಂದ ಅದರ ಅಂಚನ್ನು ನೋಡಿದೆ. ಇಲ್ಲಿ ದಿನವಿಡೀ ಅದೇ ನೋಡುತ್ತೇನೆ, ಈ ಚೂರು ಎಲ್ಲಿಂದ ಬಿತ್ತು ಎಂದು. ಕಂಕುಳ ತಿರುವು. ಮೂಲೆಯಲ್ಲಿ ಪೆನ್ಸಿಲಿನ ಅರ್ಧ ಅಕ್ಷರಗಳು, "ರಾಣಿ" ಎಂದು ಓದಲು ನನಗೆ ಕಷ್ಟವಾಗಲಿಲ್ಲ. ಅದರ ಮುಂದೆ "ಎಡ" ಎಂದು ಇತ್ತು.

ಮಡಿಸಿದ ಬಟ್ಟೆಯ ಮೇಲೆ ಇಡುವ ಕಾಗದಕ್ಕೆ ಎಡ ಯಾವುದು, ಬಲ ಯಾವುದು? ಇಷ್ಟು ವರ್ಷದಲ್ಲಿ ನಾವು ಯಾರ ಕಾಗದದ ಮೇಲೂ ಹಾಗೆ ಬರೆದಿಲ್ಲ. ಕೋಣೆಗೆ ಬಂದು, ನೀನು ಮೊದಲು ಕಳಿಸಿದ ಅರ್ಧ ಕಾಗದವನ್ನು ಮಗುಚಿ ಈ ಅಂಚಿಗೆ ಹೊಂದಿಸಿ ನೋಡಿದೆ. ಮಗು ಬೆಳೆದಿದೆ, ಒಪ್ಪಿದೆ. ಬೆಳೆದರೆ ಭುಜ ಅಗಲವಾಗಬೇಕು. ಎರಡು ಬೆರಳಗಲ ಕೆಳಗೆ ಯಾಕೆ ಇಳಿಯಬೇಕು?

ನೆಟ್ಟಗೆ ನಿಂತಿದ್ದಾಳೆ ಎಂದು ಅವಳೇ ಹೇಳಿದ್ದಳಲ್ಲ. ಏನಾಗಿದೆ ಹೇಳು. ಪೂರ್ತಿ ಕಾಗದ ಕಳಿಸು, ಎರಡೂ ಕಡೆಯದು.

೨ ಸೆಪ್ಟೆಂಬರ್ ೧೯೮೭

ನಿಮಗೆ,

ಚಿಂದಿ ಉಳಿಸಿದ್ದು ನನ್ನನ್ನೇ ಹಿಡಿದುಕೊಟ್ಟಿತು. ಹೊಸ ಹಾಳೆಯಲ್ಲಿ ಬರೆದಿದ್ದರೆ ನಿಮಗೆ ಇನ್ನಷ್ಟು ದಿನ ನೆಮ್ಮದಿ ಇರುತ್ತಿತ್ತು.

ಅವಳ ಬೆನ್ನುಮೂಳೆ ಬಾಗುತ್ತಿದೆ. ಒಂದು ಕಡೆಗೆ ಬಾಗಿ, ಬಾಗುತ್ತಲೇ ತಿರುಚಿಕೊಳ್ಳುತ್ತಿದೆ. ಏಪ್ರಿಲಿನಲ್ಲಿ ಪಕ್ಕದ ಮನೆಯ ಟೀಚರು ಹೇಳಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಅವಳನ್ನು ಮುಂದಕ್ಕೆ ಬಗ್ಗಿಸಿದರು. ಬಲಗಡೆಯ ಬೆನ್ನು ಗುಡ್ಡದ ಹಾಗೆ ಎದ್ದಿತು. ನಾನು ಅವಳ ತಾಯಿ, ಅದನ್ನು ಅಲ್ಲಿ ಮೊದಲ ಸಲ ನೋಡಿದೆ.

"ಹೋದ ವರ್ಷ ಬಂದಿದ್ರೆ ಪಟ್ಟಿ ಕಟ್ಟಿ ತಡೀಬಹುದಿತ್ತು. ಈಗ ಪಟ್ಟಿ ಹಿಡಿಯೋ ಹಂತ ದಾಟಿದೆ" ಎಂದರು. ಆಪರೇಷನ್ನಿನ ಬಗ್ಗೆ ಕೇಳಿದೆ. ಎದೆಗೂಡು ಒತ್ತಿ ಶ್ವಾಸಕೋಶ ಆಗಲೇ ಸೋತಿದೆಯಂತೆ, ಪ್ರಜ್ಞೆ ತಪ್ಪಿಸುವ ಔಷಧಿಯನ್ನೇ ಅದು ತಡೆಯುವುದಿಲ್ಲವಂತೆ. ಬಾಗಿದಷ್ಟೂ ಉಸಿರಿಗೆ ಜಾಗ ಕಡಿಮೆಯಾಗುತ್ತ ಹೋಗುತ್ತದೆ ಎಂದರು. ಎಲ್ಲಿಯವರೆಗೆ ಎಂದು ನಾನು ಕೇಳಲಿಲ್ಲ.

ಆಮೇಲೆ ಅವರು ಕೇಳಿದರು. "ಮನೇಲಿ ಯಾರೂ ಗಮನಿಸ್ಲಿಲ್ವಾ? ಮೊದಲು ಗೊತ್ತಾಗೋದೇ ಬಟ್ಟೆಯಿಂದ. ಫ್ರಾಕಿನ ಅಂಚು ಒಂದು ಕಡೆ ಮೇಲೇರುತ್ತೆ. ನೀವೇನು ಕೆಲಸ ಮಾಡ್ತೀರಿ?"

ನಾನು "ಮನೆಗೆಲಸ" ಎಂದೆ. ದರ್ಜಿ ಎಂದು ಹೇಳಲು ಆಗಲಿಲ್ಲ. ಅಂಚು ಮೇಲೇರಿದ್ದನ್ನು ನಾನು ಆರು ತಿಂಗಳು ನೋಡಿದೆ. ನೋಡಿದಾಗಲೆಲ್ಲ ಬಿಚ್ಚಿದೆ, ಸರಿಮಾಡಿದೆ, ನಿಮ್ಮನ್ನು ಬೈದೆ. ನಿಮ್ಮ ಹೊಲಿಗೆ ಅಷ್ಟು ಡೊಂಕಾಗಿತ್ತು, ನಿಮ್ಮನ್ನು ಬಿಟ್ಟು ಬೇರೆ ಕಡೆ ನೋಡಲೇ ಇಲ್ಲ. ನನ್ನ ಗಂಡನ ಕೈ ಯಾಕೆ ಕೆಟ್ಟಿತು ಎಂದು ಯೋಚಿಸುತ್ತ ಕೂತೆ. ನಿಮಗೆ ತಿಳಿಸದೆ ಇದ್ದದ್ದು, ನೀವು ರಾಜ್ಯ ಬಿಟ್ಟು ಓಡಿ ಬಂದರೆ ಇರುವ ಒಂದು ಸುಖವೂ ಹೋಗುತ್ತದೆಯಲ್ಲ ಎಂದು.

ಪೂರ್ತಿ ಕಾಗದ ಇಟ್ಟಿದ್ದೇನೆ. ಎಡ ಬೇರೆ, ಬಲ ಬೇರೆ.

೧೦ ಅಕ್ಟೋಬರ್ ೧೯೮೭

ನನ್ನವಳೇ,

ಬಿಳಿ ಫ್ರಾಕು ಕಳಿಸುತ್ತಿದ್ದೇನೆ. ಎರಡು ಕಾಗದ ಇಟ್ಟು ಎರಡು ಸಲ ಕತ್ತರಿಸಿದೆ. ಜೊತೆಗೆ ಬಲಗೈಯ ಕೈಗವಸನ್ನು ವಾಪಸು ಕಳಿಸಿದ್ದೇನೆ. ಅದರ ತೋರುಬೆರಳು, ನಡುಬೆರಳು ಎರಡನ್ನೂ ಬುಡಕ್ಕೆ ಕತ್ತರಿಸಿ ಹೊಲಿದುಬಿಡಲು ಮಗಳಿಗೆ ಹೇಳು. ಖಾಲಿ ಬೆರಳೊಳಗೆ ಚಳಿ ಹೋಗುತ್ತದೆ.

ಹೋದ ವರ್ಷ ಏಪ್ರಿಲಿನಲ್ಲಿ ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಅಟ್ಟಿ ಜರುಗಿತು, ಅಲಗು ಜರುಗಲಿಲ್ಲ. ಬೇಸಿಗೆಯಿಡೀ ಪತ್ರ ಬರೆಯದೆ ಇದ್ದದ್ದು ಆಸ್ಪತ್ರೆಯಲ್ಲಿ. ಬಡ್ತಿಯ ಕತೆ ಅದು. ಇಲ್ಲಿ ಯಾವ ಹೆಂಗಸೂ ಇಲ್ಲ. ಆ ನಡುಗಿದ ಗೆರೆಯನ್ನು ಉಳಿದ ಎರಡು ಬೆರಳಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ನಾನೇ ಎಳೆದೆ. ಗೆರೆಯಿಲ್ಲದೆ ಕತ್ತರಿಸುವವನು ಎಂದು ನೀನು ಬೀದಿಗೆಲ್ಲ ಹೇಳಿಕೊಂಡು ತಿರುಗಿದವಳು. ನಿನ್ನ ಮುಂದೆ ಈ ಕೈ ಚಾಚಲು ನಾಚಿಕೆಯಾಯಿತು.

ಹೇಳಬೇಕಾದದ್ದು ಅದಲ್ಲ. ಕೈ ಹೋದದ್ದು ಹೋಯಿತು. ನೀಲಿ ಫ್ರಾಕಿನ ಅಂಚನ್ನು ನಾನು ಅಳೆದಿದ್ದೆ, ನಿನಗೆ ಬರೆದಿದ್ದೆ ಕೂಡ. ನನ್ನ ಕೈಯನ್ನು ನಂಬದೆ ಮೂರು ಸಲ ಅಳೆದೆ. ಸುತ್ತಲೂ ಒಂದೇ ಇತ್ತು. ಹಸಿರಿನದೂ ಸರಿಯಿತ್ತು. ಹೊಲಿಗೆ ಡೊಂಕಿತ್ತು, ಅಂಚು ಡೊಂಕಿರಲಿಲ್ಲ. ನೀನು ಮೇಲೇರಿದೆ ಎಂದು ಬರೆದಾಗ, ಟೇಪು ಸರಿ ಎಂದು ಹೇಳಿದ್ದು ನನಗೆ ನೆನಪಿತ್ತು. ಆದರೂ ಈ ಕೈಯದೇ ತಪ್ಪು ಎಂದುಕೊಂಡೆ. ಅಂಚು ಸರಿಯಿತ್ತು ಕಣೇ, ಮಗುವನ್ನು ನೋಡು ಎಂದು ಒಂದು ಸಾಲು ಬರೆಯಬಹುದಿತ್ತು. ಬರೆದರೆ ಕೈಯ ಮಾತು ಬರುತ್ತಿತ್ತು. ಅವಳನ್ನು ಬೈಯಬೇಡ ಎಂದು ಬರೆದೆ.

ಡಿಸೆಂಬರು ಕಳೆದ ಮೇಲೆ ಬಿಡುತ್ತಾರೆ. ಬರುತ್ತೇನೆ.

೧೭ ಡಿಸೆಂಬರ್ ೧೯೮೭

ನಿಮಗೆ,

ನಿಮ್ಮ ಪತ್ರ ಓದಿ ಎರಡು ದಿನ ಮಿಷನ್ನಿನ ಹತ್ತಿರ ಹೋಗಲಿಲ್ಲ. ನಿಮ್ಮ ಮೇಲೆ ಸಿಟ್ಟು ಬಂತು, ಅತ್ತುಬಿಟ್ಟೆ, ಮತ್ತೆ ಸಿಟ್ಟು ಬಂತು. ಆ ಬೆರಳು ಕತ್ತರಿಸಿದಾಗ ನಾನು ಪಕ್ಕದಲ್ಲಿ ಇರಲಿಲ್ಲವಲ್ಲ ಎಂದು ಒಂದು ಸಲ, ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಇನ್ನೊಂದು ಸಲ. ಈಗ ಎರಡೂ ಬತ್ತಿವೆ. ನಾನೂ ಟೇಪು ಹಿಡಿಯಬಹುದಿತ್ತು. ನನ್ನ ಕೊರಳಿನಲ್ಲೇ ನೇತಾಡುತ್ತಿತ್ತು.

ಬಿಳಿ ಫ್ರಾಕು ಬಂದ ದಿನ ಮೈಗೆ ಅಂಟಿದ ಹಾಗೆ ಕೂತಿತು. ಅಂಚು ಸುತ್ತಲೂ ಒಂದೇ ಸಮ. ಚಿಂದಿರಾಣಿ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. "ಅಮ್ಮಾ, ಅಪ್ಪಂಗೆ ಈಗ ಹೊಲಿಯೋಕೆ ಬಂತು" ಎಂದಳು. ನಾನು ಒಳಗೆ ಹೋದೆ.

ನಿಮ್ಮ ಕೈಯ ವಿಷಯ ಅವಳಿಗೆ ಹೇಳಿದೆ. ಕೈಗವಸಿನ ಎರಡು ಬೆರಳು ಕತ್ತರಿಸಿ ಬುಡ ಹೊಲಿದಳು, ನಡುವೆ ಎರಡು ಸಲ ಉಸಿರಿಗೆಂದು ನಿಲ್ಲಿಸಿ. ಕತ್ತರಿಸಿದ ಬೆರಳುಗಳನ್ನು ನಾನು ಕಸಕ್ಕೆ ಹಾಕಲು ಹೋದರೆ ಕಿತ್ತುಕೊಂಡಳು. "ಚಿಂದಿ ಎಸೀಬಾರದು ಅಂತ ನೀನೇ ಹೇಳಿದ್ದಲ್ವಾ?" ಅವು ಅವಳ ದಿಂಬಿನೊಳಗೆ ಇವೆ. ಈಗ ಅವಳಿಗೆ ಮಲಗಿದರೆ ಉಸಿರು ಸಿಗುವುದಿಲ್ಲ, ಒರಗಿ ಕೂರಲು ದಿಂಬು ಎಷ್ಟಿದ್ದರೂ ಸಾಲದು. ಮನೆಯ ಚಿಂದಿಯೆಲ್ಲ ಅದಕ್ಕೇ ಹೋಗುತ್ತಿದೆ.

ಬನ್ನಿ. ಬಂದರೆ ಸರಿಹೋಗುತ್ತದೆ ಎಂದುಕೊಂಡು ಬರಬೇಡಿ, ಸುಮ್ಮನೆ ಬನ್ನಿ. ಬರುವಾಗ ಇನ್ನೊಂದು ಫ್ರಾಕು ಹೊಲಿದು ತನ್ನಿ, ಬಿಳಿಯದು ಆಗಲೇ ಎಳೆಯುತ್ತಿದೆ. ಕೆಂಪು ಚೂರು ಸಿಕ್ಕರೆ ಹಾಕಿ, ಅವಳು ಕೇಳಿದ್ದಾಳೆ. ಎರಡೂ ಕಡೆಯ ಹೊಸ ಕಾಗದ ಇಟ್ಟಿದ್ದೇನೆ. ಸೆಪ್ಟೆಂಬರಿನಲ್ಲಿ ಕಳಿಸಿದ ಕಾಗದ ನಿಮ್ಮ ಹತ್ತಿರ ಇರುತ್ತದೆ, ಅದನ್ನು ಕತ್ತರಿಸಿ ಉಳಿದ ಅಂಚು ನನ್ನ ಹತ್ತಿರ ಇದೆ. ಇದನ್ನು ಅದರ ಮೇಲೆ ಇಟ್ಟು ನೋಡಬೇಡಿ.

ನಾನು ನೋಡಿದೆ.